ವೈಫೈ ಸರಿ, ಬ್ಲೂಟೂತ್ ಮಾತ್ರ ಮಾಯ: ಬೋರ್ಡ್ ಬದಲಿಸುವ ಮುಂಚೆ

ವಿಂಡೋಸ್ 11 ಲ್ಯಾಪ್‌ಟಾಪ್ ಸ್ಲೀಪ್‌ನಿಂದ ಎದ್ದರೆ ಬ್ಲೂಟೂತ್ ಬಟನ್ನೇ ಕಾಣೋದಿಲ್ಲ, ಡೊಂಬಿವಲಿಯ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಅಂತಾರೆ ಅಂದಿರಿ. ಅಷ್ಟು ಬೇಗ ದುಡ್ಡು ಬಿಚ್ಚಬೇಡಿ. ವೈಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡ್‌ನಲ್ಲಿದ್ದರೂ ಬ್ಲೂಟೂತ್ ಸಾಮಾನ್ಯವಾಗಿ ಯುಎಸ್‌ಬಿ ದಾರಿಯಲ್ಲಿ ಓಡುತ್ತೆ, ವೈಫೈ ಬೇರೆ ದಾರಿಯಲ್ಲಿ. ಅದಕ್ಕೇ ಒಂದು ಬದುಕಿದ್ದು ಇನ್ನೊಂದು ಸಾಯೋದು.

ಲ್ಯಾಪ್‌ಟಾಪಿನ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆಯಿರಿ. ಯುಎಸ್‌ಬಿ ಪಟ್ಟಿಯಲ್ಲಿ ‘ಅನ್‌ನೋನ್ ಯುಎಸ್‌ಬಿ ಡಿವೈಸ್’, ಕೋಡ್ 43 ಅಂತ ಹಳದಿ ಗುರುತಿದ್ದರೆ ಬ್ಲೂಟೂತ್ ಚಿಪ್ ಗರ ಬಡಿದು ಕೂತಿರುವ ಸಾಧ್ಯತೆಯೇ ಹೆಚ್ಚು. ಬರೀ ರೀಸ್ಟಾರ್ಟ್ ಸಾಲದು, ಕಾರ್ಡ್‌ಗೆ ಕರೆಂಟ್ ಸಿಗ್ತಾನೇ ಇರುತ್ತೆ. ಶಿಫ್ಟ್ ಒತ್ತಿಕೊಂಡೇ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡು ಅದುಮಿ ಹಿಡಿಯಿರಿ. ಬಹಳಷ್ಟು ಸಲ ಇಷ್ಟಕ್ಕೇ ವಾಪಸ್ ಬರುತ್ತೆ.

ಬಂದಮೇಲೆ ಬ್ಲೂಟೂತ್ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಸಾಧನ ಆಫ್ ಮಾಡುವ ಟಿಕ್ ತೆಗೆಯಿರಿ. ಡ್ರೈವರನ್ನು (ಸಾಧನ ನಡೆಸುವ ಸಾಫ್ಟ್‌ವೇರ್) ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದಲೇ ಹಾಕಿ.

ಏನೂ ಆಗಲಿಲ್ಲವೇ? ಸ್ಲಾಟ್‌ನಲ್ಲಿ ಕೂರುವ ಕಾರ್ಡ್ ಆಗಿದ್ದರೆ ಅದೊಂದನ್ನೇ ಬದಲಿಸಬಹುದು. ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಲ್ಲಿ ವಿಚಾರಿಸಿ. ಎಎಂಡಿ ಪ್ರೊಸೆಸರ್ ಆದರೆ ಇಂಟೆಲ್ ಎಎಕ್ಸ್201 ಕಾರ್ಡ್ ತರಬೇಡಿ, ಓಡಲ್ಲ, ಎಎಕ್ಸ್210 ಕೇಳಿ. ಬೋರ್ಡ್‌ಗೇ ಬೆಸುಗೆ ಹಾಕಿದ್ದರೆ ಯುಎಸ್‌ಬಿ ಡಾಂಗಲ್ (ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಸಾಧನ) ಸಾಕು.