ಅಡಿಕೆ ಮರದಿಂದ ಬಿದ್ದು ಹೊಟ್ಟೆಗೆ ಪೆಟ್ಟಾದರೆ ಎಡಭುಜ ನೋಯುವುದೇಕೆ?

ತೀರ್ಥಹಳ್ಳಿ ಕಡೆ ಕೊನೆ ಕೊಯ್ಯುವಾಗ ಜಾರಿ ಬಿದ್ದವರ ಬಗ್ಗೆ ಕೇಳಿದ್ದೀರಿ. ಭುಜಕ್ಕೆ ಏಟೇ ತಗುಲಿಲ್ಲ ಎಂದಾದರೆ ವಪೆಯ ಕಡೆ ನೋಡಬೇಕು. ಎದೆ ಮತ್ತು ಹೊಟ್ಟೆಯ ನಡುವೆ ಕವುಚಿಟ್ಟ ಬೋಗುಣಿಯಂತಿರುವ ಈ ಸ್ನಾಯು ಬಿಗಿದು ಕೆಳಗಿಳಿದಾಗ ಉಸಿರು ಒಳಗೆ ಬರುತ್ತದೆ. ಅದರ ನರ ಮಾತ್ರ ಹೊರಡುವುದು ಅಷ್ಟು ದೂರದ ಕುತ್ತಿಗೆಯಿಂದ: 3, 4, 5ನೇ ನರಮೂಲಗಳಿಂದ. ಭುಜದ ಮೇಲ್ಭಾಗದ ಚರ್ಮದ ನರಗಳೂ 3, 4ರಿಂದಲೇ ಬರುತ್ತವೆ. ಎಡಪಕ್ಕೆಯೊಳಗಿನ ಗುಲ್ಮ (ಸ್ಪ್ಲೀನ್ ಎಂಬ ಅಂಗ) ಒಡೆದು, ಸೋರಿದ ರಕ್ತ ವಪೆಯ ಅಡಿಭಾಗವನ್ನು ಕೆರಳಿಸಿದರೆ ಮಿದುಳು ಅದನ್ನು ಭುಜದ ನೋವೆಂದೇ ತಿಳಿಯುತ್ತದೆ. ಮಲಗಿದಾಗ ನೋವು ಜಾಸ್ತಿಯಾಗುವುದುಂಟು. ಎಣ್ಣೆ ತಿಕ್ಕುತ್ತಾ ಕೂರಬೇಡಿ (ನಮ್ಮಲ್ಲಿ ಮೊದಲು ಮಾಡುವುದೇ ಅದು). ತಿನ್ನಲು, ಕುಡಿಯಲು ಏನೂ ಕೊಡದೆ 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ಮತ್ತು ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.