ಅಪೀಲು ವಜಾ ಆದಮೇಲೂ ಮಾನಸಿಕ ಕಾಯಿಲೆ ಲೆಕ್ಕಕ್ಕೆ ಬರುತ್ತದೆ

ಗಲ್ಲು ಶಿಕ್ಷೆಯಾಗಿರುವ ನಿಮ್ಮ ಅಣ್ಣನಿಗೆ ಮಾನಸಿಕ ಕಾಯಿಲೆ ಬಂದಿದ್ದು ಜೈಲಿನಲ್ಲಿ, ಹಾಗಾಗಿ ಕ್ಷಮಾದಾನಕ್ಕೆ ಅದು ಕಾರಣವಾಗಲ್ಲ ಎಂದು ವಕೀಲರು ಹೇಳಿದರು ಅಂದಿರಲ್ಲ, ಬಹುಶಃ ಅವರು ಎರಡು ವಿಷಯ ಬೆರೆಸಿದ್ದಾರೆ. ಅಪರಾಧದ ಹೊತ್ತಿನ ಬುದ್ಧಿಸ್ಥಿತಿ ವಿಚಾರಣೆಯ ಮಾತು. ಶಿಕ್ಷೆಯಾದ ಮೇಲೆ ಬಂದ ಕಾಯಿಲೆಯೂ ಗಲ್ಲು ತಪ್ಪಿಸಬಹುದು. ಸುಪ್ರೀಂ ಕೋರ್ಟಿನ 2014ರ ಶತ್ರುಘ್ನ ಚೌಹಾಣ್ ತೀರ್ಪನ್ನು ವಕೀಲರಿಗೆ ಓದಿಸಿ.

ಮೊದಲು ಗಡುವು ನೋಡಿ. ಅಪೀಲು ವಜಾ ಆಗಿದೆ ಎಂದು ಜೈಲು ಸೂಪರಿಂಟೆಂಡೆಂಟ್ ತಿಳಿಸಿದ 30 ದಿನದೊಳಗೆ ಕ್ಷಮಾದಾನದ ಅರ್ಜಿ ಹೋಗಬೇಕು. ಮನೆಯವರೂ ಹಾಕಬಹುದು. ಮೊದಲು ರಾಜ್ಯಪಾಲರಿಗೆ ಹಾಕಿ. ಅವರು ತಿರಸ್ಕರಿಸಿದರೆ 60 ದಿನದೊಳಗೆ ರಾಷ್ಟ್ರಪತಿಗೆ.

ಇವತ್ತೇ ಜೈಲು ಆಸ್ಪತ್ರೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿ: ಮನೋವೈದ್ಯರ ಟಿಪ್ಪಣಿ, ಮಾತ್ರೆಯ ಹೆಸರು, ಡೋಸ್, ತಾರೀಕು. ಸುಮ್ನೆ ‘ಮಂಕಾಗಿದ್ದಾನೆ’ ಅಂತ ಬರೆದರೆ ನಡೆಯಲ್ಲ. ಸುಪ್ರೀಂ ಕೋರ್ಟಿನ 2019ರ ಇನ್ನೊಂದು ತೀರ್ಪಿನ ಪ್ರಕಾರ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಯೇ ಆಗಿರಬೇಕು, ಸಾಬೀತು ಮಾಡುವ ಹೊಣೆಯೂ ಕೈದಿಯ ಕಡೆಯವರದೇ. ಹಾಗಾಗಿ ಸರ್ಕಾರಿ ಮನೋವೈದ್ಯರ ತಂಡದಿಂದ ತಪಾಸಣೆ ಆಗಲಿ ಅಂತಲೂ ಕೇಳಿ. ವರದಿಗೆ ಎಷ್ಟು ತೂಕ ಸಿಗುತ್ತದೆ ಅನ್ನೋದು ಮೊದಲೇ ಹೇಳೋಕಾಗಲ್ಲ.

ವಕೀಲರು ಒಪ್ಪದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈದಿಗಳಿಗೆ ಅಲ್ಲಿ ವಕೀಲರು ಉಚಿತ.