ಶೆಲ್ಟರ್ ನಾಯಿಗಳ ಫೋಟೊಗೆ ಫೋನ್ ಸಾಕಾ? ಕಪ್ಪು ನಾಯಿಗಳದ್ದು ಹೇಗೆ ತೆಗೆಯೋದು?

ನಿಮ್ಮ ಹತ್ತಿರ ಫೋನ್ ಮಾತ್ರ ಇದೆ, ಶೆಲ್ಟರ್ ನಾಯಿಗಳಿಗೆ ಮನೆ ಸಿಗುವ ಹಾಗೆ ಫೋಟೊ ತೆಗೆಯಬೇಕು, ಕಪ್ಪು ನಾಯಿಗಳದ್ದಂತೂ ಸರಿಯಾಗಿ ಬರುತ್ತಲೇ ಇಲ್ಲ ಅಂದಿದ್ದೀರಿ. ಬೆಂಗಳೂರಿನ ಹೊರವಲಯದ ಒಂದು ಶೆಲ್ಟರ್‌ನಲ್ಲಿ ನಾಲ್ಕು ವರ್ಷದಿಂದ ನನ್ನ ಭಾನುವಾರಗಳು ಇದರಲ್ಲೇ ಕಳೆಯುತ್ತಿವೆ. ಫೋನ್ ಧಾರಾಳ ಸಾಕು.

ಮೊದಲು ನಾಯಿಯನ್ನು ಕಂಬಿಯಿಂದ ಆಚೆ ತನ್ನಿ. ಕಂಬಿ ಹಿಂದೆ ಮುಖ ಬಾಡಿಸಿಕೊಂಡು ಕೂತ ನಾಯಿಯ ಫೋಟೊ ಹಾಕಿದರೆ ‘ಅಯ್ಯೋ ಪಾಪ’ ಅನ್ನುವವರು ನೂರು ಜನ, ಫೋನ್ ಮಾಡುವವರು ಒಬ್ಬರೂ ಇಲ್ಲ. ಅಮೆರಿಕದಲ್ಲಿ ಲ್ಯಾಬ್ರಡಾರ್ ಮಿಶ್ರತಳಿ ನಾಯಿಗಳ ದತ್ತು ಜಾಹೀರಾತುಗಳನ್ನು ನೋಡಿ ಮಾಡಿದ, 2015ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು: ಹೊರಾಂಗಣದಲ್ಲಿ, ಕ್ಯಾಮೆರಾ ಕಡೆಗೆ ನೋಡುತ್ತಾ ನಿಂತ ನಾಯಿಗಳಿಗೆ ಬೇಗ ಮನೆ ಸಿಗುತ್ತೆ.

ಆಚೆ ಬಂದ ನಾಯಿಗೆ ಹತ್ತು ನಿಮಿಷ ಮೂಸೋದು, ಕಾಲೆತ್ತೋದು ಇದ್ದೇ ಇರುತ್ತೆ. ಬಿಟ್ಟುಬಿಡಿ. ಅಷ್ಟರಲ್ಲಿ ನೀವು ನೆಲದ ಮೇಲೆ ಕೂತ್ಕೊಳ್ಳಿ. ನಿಂತು ತೆಗೆದರೆ ತಲೆ ದಪ್ಪ, ಕಾಲು ಗಿಡ್ಡ ಆಗಿ ನಾಯಿ ಗೊಂಬೆಯಂತೆ ಕಾಣುತ್ತೆ. ಪಾರ್ಲೆ-ಜಿ ಪೊಟ್ಟಣವನ್ನು ಲೆನ್ಸ್ ಪಕ್ಕ ಹಿಡಿದು ಪರಪರ ಅನ್ನಿಸಿ. ಕಿವಿ ನಿಮಿರಿ, ತಲೆ ಒಂಚೂರು ವಾರೆಯಾಗುತ್ತೆ. ಆ ಒಂದು ಕ್ಷಣದಲ್ಲೇ ಪಟಪಟನೆ ಹತ್ತು ಕ್ಲಿಕ್ ಮಾಡಿ. ಮೂರನೇ ಸಲಕ್ಕೆ ಮೋಸ ಗೊತ್ತಾಗಿ ಮುಖ ತಿರುಗಿಸುತ್ತವೆ, ಹಾಗಾಗಿ ಏನಾದರೂ ಕೊಡಲೇಬೇಕು. (ಬಿಸ್ಕತ್ತು ಸದ್ದಿಗೆ ಮಾತ್ರ. ತಿನ್ನಿಸೋಕೆ ಉಪ್ಪು ಹಾಕದೆ ಬೇಯಿಸಿದ ಕೋಳಿ ಒಳ್ಳೆಯದು.) ಕಿವಿ ಹಿಂದಕ್ಕೆ ಒರಗಿ, ಕಣ್ಣಿನ ಬಿಳಿ ಕಂಡು, ಮತ್ತೆ ಮತ್ತೆ ಆಕಳಿಸಿದರೆ ಅದು ಹೆದರಿದೆ ಅಂತ. ಆವತ್ತಿಗೆ ಬಿಡಿ.

ಇನ್ನು ಕಪ್ಪು ನಾಯಿ. ನಮ್ಮಲ್ಲಿ ಕರಿಯ ಅಂತ ಒಬ್ಬನಿದ್ದ. ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಅವನ ಹಳೇ ಫೋಟೊದಲ್ಲಿ ಇದ್ದದ್ದು ಒಂದು ಇದ್ದಿಲು ಮುದ್ದೆ, ಅದಕ್ಕೊಂದು ನಾಲಿಗೆ. ಸುಣ್ಣದ ಗೋಡೆ ಮುಂದೆ ನಿಲ್ಲಿಸಿದ್ದರು. ಗೋಡೆಯ ಬಿಳುಪಿಗೆ ಹೊಂದಿಸಿಕೊಳ್ಳಲು ಹೋಗಿ ಫೋನ್ ನಾಯಿಯನ್ನು ಇನ್ನಷ್ಟು ಕಪ್ಪು ಮಾಡಿತ್ತು. ನಾನು ಬೆಳಗ್ಗೆ 8ರೊಳಗೆ, ಶೀಟಿನ ಶೆಡ್ ನೆರಳಿನ ಅಂಚಿನಲ್ಲಿ, ಮುಖ ಬಯಲಿನ ಕಡೆ ಬರುವ ಹಾಗೆ ಕೂರಿಸಿದೆ. ಹಿಂದೆ ಹೊಂಗೆ ಗಿಡ. ತೆರೆಯಲ್ಲಿ ಅವನ ಮುಖದ ಮೇಲೆ ಬೆರಳಿಟ್ಟು, ಅಲ್ಲಿ ಮೂಡುವ ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆದೆ. ಆಕಾಶದ ಬೆಳಕು ಕಣ್ಣಲ್ಲಿ ಚುಕ್ಕಿಯಾಗಿ ಬಿತ್ತು. ಫ್ಲ್ಯಾಶ್ ಮಾತ್ರ ಬೇಡ. ನಾಯಿಗಳ ಕಣ್ಣಿನ ಹಿಂಪದರ ಬೆಳಕನ್ನು ವಾಪಸ್ ಎಸೆಯುತ್ತೆ, ಹಸಿರು ದೆವ್ವದ ಕಣ್ಣು ಬರುತ್ತೆ. ಫೋಟೊ ನೋಡಿದ ಅಲ್ಲಿನ ಕೆಲಸದ ಅಣ್ಣ, ಎರಡು ವರ್ಷದಿಂದ ಅವನಿಗೆ ಊಟ ಹಾಕುತ್ತಿದ್ದವರು, ‘ಇವನಿಗೆ ಹುಬ್ಬಿದೆಯಲ್ಲ ಮೇಡಂ!’ ಅಂದರು. ಕಣ್ಣಿನ ಮೇಲೆ ಎರಡು ಕಂದು ಚುಕ್ಕೆ. ಯಾರೂ ಗಮನಿಸಿರಲಿಲ್ಲ.

ನಾನು ಎಡವಿದ್ದು ಕೆಂಚ ಅನ್ನೋ ಇನ್ನೊಂದು ನಾಯಿಯ ವಿಷಯದಲ್ಲಿ. ಮುದ್ದಾಗಿ ಬರಲಿ ಅಂತ ಮುಖ ಮಾತ್ರ ತೆಗೆದೆ. ಒಂದು ಕುಟುಂಬ ಅಷ್ಟು ದೂರದಿಂದ ಬಂದು, ‘ಇಷ್ಟು ದೊಡ್ಡದಾ?’ ಅಂತ ಹೊರಟೇಹೋಯಿತು. ಕೆಂಚ ಬಾಲ ಆಡಿಸುತ್ತಾ ಅವರ ಜೊತೆ ಗೇಟಿನವರೆಗೂ ಹೋಗಿದ್ದ. ಆಮೇಲಿಂದ ಪ್ರತಿ ನಾಯಿಗೂ, ಬೆಲ್ಟ್ ಹಿಡಿದು ಯಾರಾದರೂ ಪಕ್ಕದಲ್ಲಿ ನಿಂತ ಒಂದು ಪೂರ್ತಿ ಫೋಟೊ ಇದ್ದೇ ಇರುತ್ತೆ. ಕಿವಿಯ ಕಚ್ಚನ್ನೂ ಎಡಿಟ್ ಮಾಡಿ ಮುಚ್ಚಬೇಡಿ. ‘ಸಂತಾನಹರಣ ಚಿಕಿತ್ಸೆ ಆಗಿದೆ, ಅದರ ಗುರುತು’ ಅಂತ ಕೆಳಗೆ ಬರೆದರೆ ಅದೇ ಒಂದು ಅನುಕೂಲ. ವಯಸ್ಸು, ಮಕ್ಕಳ ಜೊತೆ ಹೇಗೆ, ಬೆಕ್ಕು ಕಂಡರೆ ಏನು ಮಾಡುತ್ತೆ, ಇದ್ದದ್ದು ಇದ್ದಂಗೆ ಬರೆಯಿರಿ.

ಫೋಟೊದ ಮೇಲೇ ತಿಂಗಳು, ವರ್ಷ ಹಾಕೋದು ಮರೆಯಬೇಡಿ. ನಾನು ಹಾಕಿರಲಿಲ್ಲ. ಕರಿಯನಿಗೆ ಮನೆ ಸಿಕ್ಕಿ ಆರು ತಿಂಗಳಾದರೂ ಆ ಹುಬ್ಬಿನ ಫೋಟೊ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ಕರೆ ಮಾಡಿದವರಿಗೆಲ್ಲ ಕೆಂಚನ ಫೋಟೊ ಕಳಿಸುತ್ತಿದ್ದೇನೆ, ಈ ಸಲ ಪೂರ್ತಿ ಉದ್ದದ್ದು.